ಹೊಂದಿಸಿ ಬರೆಯಿರಿ: ನಾರ್ಮನ್ ಲೂಯಿಸ್ ಕಲಿಸಿದ್ದು, ಕಲಿಸದೆ ಬಿಟ್ಟದ್ದು

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಗಳ ಮುಂದೆ ನಿಂತವರಿಗೆ ಈ ಪುಸ್ತಕ ಕಾಣದೆ ಇರಲಾರದು. ಪೊಲೀಸ್ ಪರೀಕ್ಷೆಯ ಗೈಡು, ಬ್ಯಾಂಕ್ ಪರೀಕ್ಷೆಯ ಪ್ರಶ್ನೆಪತ್ರಿಕೆಗಳ ಕಟ್ಟು, ವ್ಯಕ್ತಿತ್ವ ವಿಕಸನದ ನಾಲ್ಕಾರು ಪುಸ್ತಕಗಳು, ಅವುಗಳ ನಡುವೆ ನಾರ್ಮನ್ ಲೂಯಿಸ್ ಅವರ ‘ವರ್ಡ್ ಪವರ್ ಮೇಡ್ ಈಸಿ’. ಅಮೆರಿಕದಲ್ಲಿ 1949ರಲ್ಲಿ ಮೊದಲು ಅಚ್ಚಾದ ಈ ಪುಸ್ತಕ ಮುಕ್ಕಾಲು ಶತಮಾನ ಕಳೆದ ಮೇಲೂ ನಮ್ಮ ಕಾಲುದಾರಿಗಳಲ್ಲಿ ಹೊಸದಾಗಿ ಮಾರಾಟವಾಗುತ್ತಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ಕಾಲೇಜಿಗೆ ಬಂದ ಎಷ್ಟೋ ಜನ ಇಂಗ್ಲಿಷಿನಲ್ಲಿ ಸ್ವಂತ ಇಚ್ಛೆಯಿಂದ ಓದಿದ ಮೊದಲ ಪುಸ್ತಕ ಇದೇ ಇರಬಹುದು. ನನ್ನದಂತೂ ಇದೇ. ಕಾದಂಬರಿಯನ್ನೋ ಕಥಾಸಂಕಲನವನ್ನೋ ಹೀಗೆ ಓದಿಸಿಕೊಂಡಿದ್ದರೆ ನಮ್ಮ ವಿಮರ್ಶಕರು ಅದರ ಮೇಲೆ ಪುಟಗಟ್ಟಲೆ ಬರೆಯುತ್ತಿದ್ದರು. ಇದನ್ನು ಮಾತ್ರ ಯಾರೂ ಒಂದು ಕೃತಿಯೆಂದು ಓದಿದಂತಿಲ್ಲ. ಆ ಓದನ್ನು ಇಲ್ಲಿ ಮಾಡಿ ನೋಡುತ್ತಿದ್ದೇನೆ.

ಪುಸ್ತಕ ನಡೆಯುವ ಕ್ರಮ ಹೀಗಿದೆ. ಪ್ರತಿ ಅಧ್ಯಾಯಕ್ಕೂ ಒಂದು ವಿಷಯ. ಮನುಷ್ಯರ ಸ್ವಭಾವಗಳು, ವೈದ್ಯರ ಬಗೆಗಳು, ವಿಜ್ಞಾನದ ಶಾಖೆಗಳು, ಸುಳ್ಳುಗಾರರು, ಮಾತಿನ ಚಾಳಿಗಳು, ಶತ್ರುಗಳನ್ನು ಬೈಯುವುದು, ಮಿತ್ರರನ್ನು ಹೊಗಳುವುದು. ಒಂದೊಂದು ವಿಷಯಕ್ಕೂ ಹತ್ತರ ಆಸುಪಾಸಿನಲ್ಲಿ ಮುಖ್ಯ ಪದಗಳು. ಆ ಪದಗಳ ಗ್ರೀಕ್, ಲ್ಯಾಟಿನ್ ಧಾತುಗಳನ್ನು ಬಿಡಿಸಿ, ಅದೇ ಧಾತುವಿನಿಂದ ಹುಟ್ಟಿದ ಇನ್ನಷ್ಟು ಪದಗಳನ್ನು ಎಳೆದು ತರುತ್ತಾರೆ. ನಡುನಡುವೆ ಉಚ್ಚಾರಣೆಯ ಅಭ್ಯಾಸ, ಹೊಂದಿಸಿ ಬರೆಯುವ ಪರೀಕ್ಷೆ, ಹೌದು–ಅಲ್ಲ ಪರೀಕ್ಷೆ, ಅರ್ಥ ಕೊಟ್ಟು ಪದ ಬರೆಸುವ ಪರೀಕ್ಷೆ. ಓದುಗನ ಹೆಗಲ ಮೇಲೆ ಕೈಯಿಟ್ಟು ಮಾತಾಡಿಸುವ ಮೇಷ್ಟರ ದನಿ ಪುಸ್ತಕದುದ್ದಕ್ಕೂ ಇದೆ. ತಪ್ಪು ಮಾಡಿದರೆ ಬೈಯುವುದಿಲ್ಲ. ಸರಿ ಬರೆದರೆ ಬೆನ್ನು ತಟ್ಟುತ್ತಾರೆ. ಇಂಗ್ಲಿಷ್ ಪಿರಿಯಡ್ಡಿನಲ್ಲಿ ತಲೆ ತಗ್ಗಿಸಿ ಕೂತು ಅಭ್ಯಾಸವಾದ ನನ್ನಂಥವನಿಗೆ ಆ ದನಿಯೇ ದೊಡ್ಡ ಉಪಕಾರ ಮಾಡಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ತಕರಾರುಗಳಿವೆ.

ಧಾತುವಿನ ದಾರಿ ನಮಗೆ ಹಿಡಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಸಂಸ್ಕೃತದಿಂದ ಬಂದ ಪದಗಳು ಕನ್ನಡದವರ ಬಾಯಲ್ಲಿ ಈಗಾಗಲೇ ಇವೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಭಾಷಾಕುಟುಂಬದವು. ಲೂಯಿಸ್ ಮೊದಲು ಕೈಗೆತ್ತಿಕೊಳ್ಳುವ ಧಾತು ‘ಇಗೊ’. ಅದು ನಮ್ಮ ‘ಅಹಂ’ನ ಬಂಧು. ಡೆಂಟಿಸ್ಟ್‌ನ ಒಳಗೆ ದಂತದ ನೆಂಟ ಕೂತಿದ್ದಾನೆ, ಮೆಟರ್ನಲ್‌ನ ಒಳಗೆ ಮಾತೃ, ಕಂಜೆನಿಟಲ್‌ನ ಒಳಗೆ ಜನ್ಮದ ‘ಜನ್’. ಇದು ಕಂಡ ದಿನ ಯಾರದೋ ಮನೆ ಎಂದು ಹೆದರಿಕೊಂಡು ಹೋದವನಿಗೆ ಒಳಗೆ ದೂರದ ಸಂಬಂಧಿಕರು ಸಿಕ್ಕಂತಾಯಿತು. ಈ ದಾರಿಯಲ್ಲಿ ಗುಂಡಿಗಳೂ ಇವೆ. ಪೆಡೆಸ್ಟ್ರಿಯನ್‌ನ ‘ಪೆಡ್’ ಲ್ಯಾಟಿನ್ನಿನ ಪಾದ. ಪೀಡಿಯಾಟ್ರಿಶಿಯನ್‌ನ ‘ಪೆಡ್’ ಗ್ರೀಕಿನ ಮಗು. ಲೂಯಿಸ್ ಇದನ್ನು ಬಿಡಿಸಿ ತೋರಿಸುತ್ತಾರೆ. ಆದರೂ ಧಾತು ಗೊತ್ತಾದರೆ ಪದ ಗೊತ್ತಾಯಿತು ಎಂಬ ಧೈರ್ಯ ಓದುಗನಲ್ಲಿ ಬೆಳೆಯುತ್ತಾ ಹೋಗುತ್ತದೆ. ನನ್ನಲ್ಲಿ ಬೆಳೆದ ಆ ಧೈರ್ಯ ಒಂದು ದಿನ ವೇದಿಕೆ ಹತ್ತಿತು.

ಅಂತಿಮ ಪದವಿಯ ವರ್ಷ. ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟರೊಬ್ಬರು ನಿವೃತ್ತರಾಗುತ್ತಿದ್ದರು. ಬೀಳ್ಕೊಡುಗೆ ಸಮಾರಂಭದಲ್ಲಿ ವಿದ್ಯಾರ್ಥಿಗಳ ಪರವಾಗಿ ಇಂಗ್ಲಿಷಿನಲ್ಲಿ ಎರಡು ಮಾತಾಡುವ ಹೊಣೆ ನನಗೆ ಬಿತ್ತು. ಮೇಷ್ಟರು ಸೊಗಸಾದ ಮಾತುಗಾರರು. ಪಾಠ ಶುರುವಾದರೆ ಗಂಟೆ ಹೊಡೆದದ್ದು ಕೇಳಿಸುತ್ತಿರಲಿಲ್ಲ. ಅದನ್ನು ಹೇಳಲು ನಾನು ಪುಸ್ತಕದಿಂದ ಹುಡುಕಿ ತೆಗೆದ ಪದ ‘ಗ್ಯಾರುಲಸ್’. ಬಹಳ ಮಾತಾಡುವವನು ಎಂದು ನನ್ನ ನೋಟ್‌ಬುಕ್ಕಿನಲ್ಲಿತ್ತು. ಮೇಷ್ಟರನ್ನು ನಾವು ಕಂಡ ಅತ್ಯಂತ ಗ್ಯಾರುಲಸ್ ಗುರುಗಳೆಂದು ಸಭೆಯ ಮುಂದೆ ಗಟ್ಟಿಯಾಗಿ ಕರೆದೆ. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಅಧ್ಯಾಪಕರ ಸಾಲಿನಲ್ಲಿ ಯಾರೋ ಕೆಮ್ಮಿದರು. ಕಾರ್ಯಕ್ರಮ ಮುಗಿದ ಮೇಲೆ ಮೇಷ್ಟರು ನನ್ನನ್ನು ಕರೆದು, “ನೋಡಪ್ಪಾ, ನಮ್ಮ ಮನೆಯವರೂ ನನಗೆ ಇದನ್ನೇ ಹೇಳೋದು. ಆದರೆ ಹೊಗಳೋಕಲ್ಲ” ಎಂದು ನಕ್ಕರು. ಗ್ಯಾರುಲಸ್ ಎಂದರೆ ಕೆಲಸಕ್ಕೆ ಬಾರದ ವಿಷಯಗಳನ್ನು ಹಿಡಿದು ಕೇಳುವವರಿಗೆ ಬೇಸರ ಬರುವಷ್ಟು ಮಾತಾಡುವವನು. ಕನ್ನಡದಲ್ಲಿ ‘ವಾಚಾಳಿ’ ಎಂದಂತೆ. ‘ಮಾತುಗಾರ’ ಎನ್ನಲು ಹೋಗಿ ನಾನು ಮೇಷ್ಟರನ್ನು ಅವರ ಕೊನೆಯ ದಿನ ವಾಚಾಳಿ ಎಂದು ಕರೆದಿದ್ದೆ.

ಮನೆಗೆ ಬಂದು ಪುಸ್ತಕದ ಮೇಲೆ ಸಿಟ್ಟಿನಿಂದ ಆ ಅಧ್ಯಾಯ ತೆರೆದು ನೋಡಿದೆ. ಲೂಯಿಸ್ ಸರಿಯಾಗಿಯೇ ಬರೆದಿದ್ದರು. ಗ್ಯಾರುಲಸ್, ವರ್ಬೋಸ್, ವಾಲ್ಯುಬಲ್, ಲೊಕ್ವೇಶಸ್, ಎಲ್ಲವೂ ಹೆಚ್ಚು ಮಾತಿಗೆ ಸಂಬಂಧಿಸಿದವೇ ಆದರೂ ಒಂದೊಂದರ ಬಣ್ಣ ಬೇರೆ ಎಂದು ವಿವರಿಸಿದ್ದರು. ನಾನು ಅದನ್ನು ಓದಿಯೂ ಇದ್ದೆ. ಹಾಗಾದರೆ ಆ ಬಣ್ಣ ನನ್ನ ತಲೆಯಿಂದ ಎಲ್ಲಿ ತೊಳೆದುಹೋಯಿತು? ಉತ್ತರ ಮುಂದಿನ ಪುಟಗಳಲ್ಲಿತ್ತು. ವಿವರಣೆ ಮುಗಿದ ಕೂಡಲೇ ಪರೀಕ್ಷೆ. ಎಡಗಡೆ ಪದಗಳು, ಬಲಗಡೆ ಚುಟುಕು ಅರ್ಥಗಳು, ಹೊಂದಿಸಿ ಬರೆಯಿರಿ. ಆ ಪರೀಕ್ಷೆಯಲ್ಲಿ ಗೆಲ್ಲಲು ಬಣ್ಣ ಬೇಕಿಲ್ಲ, ಚುಟುಕು ಅರ್ಥ ಸಾಕು. ಒಂದನೇ ತರಗತಿಯಿಂದ ಹೊಂದಿಸಿ ಬರೆದೇ ಪಾಸಾಗುತ್ತಾ ಬಂದ ನಾನು ಚುಟುಕು ಅರ್ಥವನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಟ್ಟಿದ್ದೆ. ಪಾಠ ಹೇಳಿದ್ದು ಒಂದು, ಪರೀಕ್ಷೆ ಕೇಳಿದ್ದು ಇನ್ನೊಂದು. ಹಾಗಾದಾಗ ವಿದ್ಯಾರ್ಥಿ ಕಲಿಯುವುದು ಪರೀಕ್ಷೆ ಕೇಳಿದ್ದನ್ನೇ.

ಅದೇ ಅಧ್ಯಾಯದ ಇನ್ನೊಂದು ಪದ ‘ಲ್ಯಾಕೋನಿಕ್’. ಇದನ್ನು ನಾನು ಎಂದೂ ತಪ್ಪಾಗಿ ಬಳಸಿಲ್ಲ. ಈ ಪದದ ಜೊತೆ ಒಂದು ಹಳೆಯ ಕಥೆ ಬರುತ್ತದೆ. ಲಕೋನಿಯಾ ಎಂಬುದು ಸ್ಪಾರ್ಟದವರ ನಾಡು. ಮೆಸಿಡೋನಿಯಾದ ದೊರೆ ಫಿಲಿಪ್, ಒಂದುವೇಳೆ ನಾನು ನಿಮ್ಮ ಊರಿಗೆ ನುಗ್ಗಿದರೆ ಸುಟ್ಟು ಬೂದಿ ಮಾಡುತ್ತೇನೆ ಎಂದು ಹೇಳಿ ಕಳಿಸಿದನಂತೆ. ಅವರಿಂದ ಬಂದ ಉತ್ತರ ಒಂದೇ ಪದ: ‘ಒಂದುವೇಳೆ.’ ಮಿತಭಾಷೆ ಎಂಬ ಅರ್ಥದ ಜೊತೆಗೆ ಅದರೊಳಗಿನ ಬಿಗಿ, ಕೆಚ್ಚು, ತುಸು ವ್ಯಂಗ್ಯ ಎಲ್ಲವೂ ಈ ಕಥೆಯಲ್ಲಿವೆ. ಗ್ಯಾರುಲಸ್‌ಗೆ ನನ್ನ ಬಳಿ ಅರ್ಥ ಮಾತ್ರ ಇತ್ತು. ಲ್ಯಾಕೋನಿಕ್ ಎಂಬ ಪದ ಕೆಲಸ ಮಾಡುವುದನ್ನೇ ನಾನು ನೋಡಿದ್ದೆ.

ಪುಸ್ತಕದ ಅತ್ಯುತ್ತಮ ಅಧ್ಯಾಯ ಯಾವುದು ಎಂದು ಕೇಳಿದರೆ ನಾನು ಸುಳ್ಳುಗಾರರ ಅಧ್ಯಾಯವನ್ನು ಹೆಸರಿಸುತ್ತೇನೆ. ಅಲ್ಲಿ ‘ಸುಳ್ಳುಗಾರ’ ಎಂಬ ಒಂದೇ ನಾಮಪದದ ಹಿಂದೆ ಒಂಬತ್ತು ವಿಶೇಷಣಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಸುಳ್ಳಿಗೇ ಹೆಸರಾದವನು ನಟೋರಿಯಸ್. ಸುಳ್ಳಿನಲ್ಲಿ ಕೈ ಪಳಗಿದವನು ಕಾನ್ಸಮೇಟ್. ತಿದ್ದಲಾಗದವನು ಇನ್‌ಕಾರಿಜಿಬಲ್. ಚಟ ಬೇರುಬಿಟ್ಟವನು ಇನ್‌ವೆಟರೇಟ್. ಹುಟ್ಟಿನಿಂದಲೇ ಬಂದದ್ದಾದರೆ ಕಂಜೆನಿಟಲ್, ಸದಾಕಾಲ ನಡೆಯುತ್ತಿದ್ದರೆ ಕ್ರಾನಿಕ್, ರೋಗವೇ ಆಗಿದ್ದರೆ ಪ್ಯಾಥಲಾಜಿಕಲ್. ಪಶ್ಚಾತ್ತಾಪವೇ ಇಲ್ಲದಿದ್ದರೆ ಅನ್‌ಕಾನ್ಷನಬಲ್. ನಾಲಿಗೆ ಎಣ್ಣೆ ಸವರಿದಂತೆ ಜಾರಿದರೆ ಗ್ಲಿಬ್. ಒಂದೇ ಮನುಷ್ಯನನ್ನು ಒಂಬತ್ತು ಕಡೆಯಿಂದ ನೋಡುವ ಪಾಠ ಇದು. ಇಲ್ಲಿ ಪದಗಳು ಒಂಟಿಯಾಗಿಲ್ಲ, ಒಂದು ನಾಮಪದದ ಸಂಗದಲ್ಲಿವೆ. ಹಾಗಾಗಿ ಅವುಗಳ ವ್ಯತ್ಯಾಸ ನಾಟುತ್ತದೆ.

ಆದರೆ ಈ ಪಾಠವೂ ಅರ್ಧದಾರಿಯಲ್ಲಿ ನಿಲ್ಲುತ್ತದೆ. ಈ ಒಂಬತ್ತೂ ಪದಗಳು ಸುಳ್ಳುಗಾರನ ಮನೆಗೆ ಬಂದ ಅತಿಥಿಗಳು. ಅವುಗಳ ಸ್ವಂತ ಮನೆಗಳು ಬೇರೆಬೇರೆ. ಕಾನ್ಸಮೇಟ್ ಹೆಚ್ಚಾಗಿ ಕಲಾವಿದರ, ಕುಶಲಿಗಳ ಜೊತೆ ಓಡಾಡುವ ಪದ. ಸುಳ್ಳುಗಾರನಿಗೆ ಹಚ್ಚಿದಾಗ ಅದರಲ್ಲಿ ಒಂದು ಚುಚ್ಚು ಹುಟ್ಟುವುದೇ ಆ ಕಾರಣಕ್ಕೆ. ಕಂಜೆನಿಟಲ್, ಕ್ರಾನಿಕ್ ಎಂಬುವು ಆಸ್ಪತ್ರೆಯ ಚೀಟಿಯ ಮೇಲಿನ ಪದಗಳು. ಅವು ಸುಳ್ಳಿಗೆ ಅಂಟಿಕೊಂಡಾಗ ಸುಳ್ಳು ಒಂದು ಕಾಯಿಲೆಯಾಗಿ ಕಾಣುತ್ತದೆ. ಸ್ವಂತ ಮನೆಯ ಪರಿಚಯವಿಲ್ಲದೆ ಈ ಚುಚ್ಚೂ ತಿಳಿಯುವುದಿಲ್ಲ, ಈ ನೋಟವೂ ದಕ್ಕುವುದಿಲ್ಲ. ಪದವನ್ನು ಅದರ ಸಂಗಾತಿಗಳಿಂದ ಗುರುತಿಸಬೇಕು ಎಂಬ ವಿಚಾರವನ್ನು ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1950ರ ದಶಕದಲ್ಲಿ ಮುಂದಿಟ್ಟರು. ಇಂದಿನ ಇಂಗ್ಲಿಷ್ ನಿಘಂಟುಗಳು ಕೋಟ್ಯಂತರ ಪದಗಳ ಪಠ್ಯಭಂಡಾರಗಳನ್ನು ಜಾಲಾಡಿ, ಯಾವ ಪದ ಯಾವುದರ ಜೊತೆ ಬರುತ್ತದೆ ಎಂದು ತೋರಿಸುವುದರ ಹಿಂದೆ ಈ ವಿಚಾರವಿದೆ.

ಕನ್ನಡದ ಓದುಗನಿಗೆ ಇದು ಹೊಸ ಸಂಗತಿಯೇ ಅಲ್ಲ. ನೀರು, ಜಲ, ಉದಕ, ಮೂರಕ್ಕೂ ನಿಘಂಟಿನ ಅರ್ಥ ಒಂದೇ. ಆದರೆ ಬಾಯಾರಿದವರು ಯಾರೂ ಒಂದು ಲೋಟ ಉದಕ ಕೇಳುವುದಿಲ್ಲ. ಜಲಾಶಯ ಇದೆ, ನೀರಾಶಯ ಇಲ್ಲ. ಹೊಸ ಮನೆಗೆ ಗೃಹಪ್ರವೇಶ ಮಾಡುತ್ತೇವೆ, ಇಲ್ಲವೇ ಮನೆ ಒಕ್ಕಲು ಮಾಡುತ್ತೇವೆ, ‘ಮನೆಪ್ರವೇಶ’ ಎಂದರೆ ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಅರಿಸಮಾಸದ ಮಾತೆತ್ತಿದ್ದು ಈ ಕಿವಿಯ ವಿಷಯವನ್ನೇ. ಕನ್ನಡ ಪದವನ್ನೂ ಸಂಸ್ಕೃತ ಪದವನ್ನೂ ಸಿಕ್ಕಹಾಗೆ ಬೆಸೆದರೆ ಅವು ಹಗೆಗಳಂತೆ ನಿಲ್ಲುತ್ತವೆ. ರೂಢಿಗೆ ಬಂದವಕ್ಕೆ ವಿನಾಯಿತಿ ಇದೆ. ಇಂಗ್ಲಿಷಿನಲ್ಲೂ ಇದೇ ಎರಡು ಪದರಗಳಿವೆ. ಮನೆಯಲ್ಲಿ, ಹೊಲದಲ್ಲಿ, ಅಡುಗೆಯ ಮುಂದೆ ಬೆಳೆದ ಹಳೆಯ ಜರ್ಮ್ಯಾನಿಕ್ ಪದಗಳು ಒಂದು ಕಡೆ. ಚರ್ಚು, ಕೋರ್ಟು, ವಿಶ್ವವಿದ್ಯಾಲಯಗಳ ದಾರಿಯಿಂದ ಬಂದ ಫ್ರೆಂಚ್, ಲ್ಯಾಟಿನ್, ಗ್ರೀಕ್ ಪದಗಳು ಇನ್ನೊಂದು ಕಡೆ. ಲೂಯಿಸ್ ಕಲಿಸುವುದು ಹೆಚ್ಚುಕಡಿಮೆ ಎರಡನೆಯ ಪದರವನ್ನು ಮಾತ್ರ. ‘ಉದಕ’ವನ್ನು ಕಲಿಸಿ, ಅದನ್ನು ಯಾವಾಗ ಬಳಸಬಾರದು ಎಂಬುದನ್ನು ಓದುಗನ ಪಾಲಿಗೆ ಬಿಡುತ್ತಾರೆ. ಮನೆಯಲ್ಲೂ ಬೀದಿಯಲ್ಲೂ ಇಂಗ್ಲಿಷ್ ಕೇಳಿ ಬೆಳೆದ ಅಮೆರಿಕದ ಓದುಗನಿಗೆ ಆ ಕಿವಿ ಇತ್ತು. ಪುಸ್ತಕ ಅವನಿಗಾಗಿ ಬರೆದದ್ದು. ಅವೆನ್ಯೂ ರಸ್ತೆಯಲ್ಲಿ ಅದನ್ನು ಕೊಂಡ ನಮಗೆ ಆ ಕಿವಿ ಇರಲಿಲ್ಲ. ನಮ್ಮ ಕಿವಿ ಇದ್ದದ್ದು ಕನ್ನಡದಲ್ಲಿ, ಮತ್ತು ಆ ಕಿವಿಯನ್ನು ಇಲ್ಲಿಗೂ ತರಬಹುದು ಎಂದು ನಮಗೆ ಯಾರೂ ಹೇಳಲಿಲ್ಲ.

ಆ ಅಮೆರಿಕದ ಓದುಗ ಯಾರು ಎಂಬುದೂ ಪುಸ್ತಕದಲ್ಲೇ ಕಾಣುತ್ತದೆ. ಆರಂಭದ ಅಧ್ಯಾಯಗಳ ಬಹುಪಾಲು ಪದಗಳು ಮನುಷ್ಯರಿಗೆ ಅಂಟಿಸುವ ಚೀಟಿಗಳು. ಇವನು ಇಂಟ್ರೋವರ್ಟ್, ಅವನು ಮಿಸಾಂತ್ರೋಪ್, ಇವಳು ವಿರಾಗೋ. ಕಚೇರಿಯಲ್ಲಿ ಮೇಲೇರಬೇಕಾದ, ಸಂಜೆಯ ಪಾರ್ಟಿಗಳಲ್ಲಿ ಎದುರಿಗಿದ್ದವರನ್ನು ಥಟ್ಟನೆ ಅಳೆದು ಹೆಸರಿಡಬೇಕಾದ, ಯುದ್ಧಾನಂತರದ ನಗರವಾಸಿ ಗಂಡಸಿನ ಶಬ್ದಕೋಶ ಇದು. ‘ವಿರಾಗೋ’ ಲ್ಯಾಟಿನ್ನಿನ ಪುರುಷವಾಚಿ ಧಾತುವಿನಿಂದ ಬಂದದ್ದು ಎಂಬುದು ಸ್ವಾರಸ್ಯದ ಸಂಗತಿ. ಆದರೆ ದನಿಯೆತ್ತಿದ ಹೆಂಗಸಿಗೆ ಬಜಾರಿ ಎಂದು ಬೈಯುವ ಪದ ಅದು ಎಂಬ ಎಚ್ಚರ, ಧಾತುವಿನ ಸಂಭ್ರಮದಲ್ಲಿ ಮರೆಯಾಗುತ್ತದೆ.

ಶಬ್ದಸಂಪತ್ತಿಗೂ ಯಶಸ್ಸಿಗೂ ಗಂಟು ಹಾಕಿದ್ದು ಲೂಯಿಸ್ ಒಬ್ಬರೇ ಅಲ್ಲ. ಅಮೆರಿಕದ ಜಾನ್ಸನ್ ಓಕಾನರ್ 1934ರಲ್ಲಿ ‘ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಈ ವಿಷಯವಾಗಿಯೇ ಲೇಖನ ಬರೆದರು. ದೊಡ್ಡ ಹುದ್ದೆಯವರ ಶಬ್ದಜ್ಞಾನ ದೊಡ್ಡದು ಎಂಬುದು ಅವರ ಪರೀಕ್ಷೆಗಳಿಂದ ಬಂದ ತೀರ್ಮಾನ. ಲೂಯಿಸ್ ಜೊತೆ 1942ರಲ್ಲಿ ಮೂವತ್ತು ದಿನಗಳ ಶಬ್ದಪಾಠದ ಪುಸ್ತಕ ಬರೆದಿದ್ದ ವಿಲ್‌ಫ್ರೆಡ್ ಫಂಕ್, 1945ರಲ್ಲಿ ‘ರೀಡರ್ಸ್ ಡೈಜೆಸ್ಟ್’ನಲ್ಲಿ ಶಬ್ದಶಕ್ತಿಯ ಅಂಕಣ ಶುರುಮಾಡಿದರು. ಪದ ಹೆಚ್ಚಿಸಿಕೊಂಡರೆ ಲಾಭವುಂಟು ಎಂಬುದು ಅದರ ಶೀರ್ಷಿಕೆಯಲ್ಲೇ ಇತ್ತು. ಒಳ್ಳೆಯ ಶಾಲೆ, ಮನೆತುಂಬ ಪುಸ್ತಕ, ಓದಲು ಬಿಡುವು ಇದ್ದವರಿಗೆ ಪದಗಳೂ ಸಿಗುತ್ತವೆ, ಹುದ್ದೆಗಳೂ ಸಿಗುತ್ತವೆ. ಎರಡೂ ಜೊತೆಗೆ ಬಂದವು ಎಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂತು ಎನ್ನಲಾಗದು. ಈ ವ್ಯತ್ಯಾಸ ಅಳಿಸಿಹೋದಾಗ ನಷ್ಟವಾಗುವುದು ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ. ತಾನು ಹಿಂದೆ ಬಿದ್ದಿರುವುದು ತನಗೆ ‘ಮಿಸೋಗಮಿಸ್ಟ್’ ಎಂಬ ಪದ ಗೊತ್ತಿಲ್ಲದ್ದಕ್ಕೆ ಎಂದು ಆಕೆ ನಂಬುತ್ತಾಳೆ. ರಾತ್ರಿಯೆಲ್ಲ ಕೂತು ಪಟ್ಟಿ ಉರುಹೊಡೆಯುತ್ತಾಳೆ.

ಆಕೆಗೆ ನಿಜವಾಗಿ ಅಡ್ಡ ಬರುವ ಪದಗಳು ಬೇರೆ. ನ್ಯೂಜಿಲೆಂಡಿನ ಪಾಲ್ ನೇಷನ್ 2006ರಲ್ಲಿ ಒಂದು ಲೆಕ್ಕ ಕೊಟ್ಟರು. ಇಂಗ್ಲಿಷ್ ಕಾದಂಬರಿ, ಪತ್ರಿಕೆಗಳನ್ನು ಯಾರ ನೆರವೂ ಇಲ್ಲದೆ ಓದಲು, ಅಂದರೆ ನೂರು ಪದಗಳಲ್ಲಿ 98 ಗೊತ್ತಿರುವ ಮಟ್ಟಕ್ಕೆ ಬರಲು, ಸುಮಾರು 8,000ದಿಂದ 9,000 ಪದಕುಟುಂಬಗಳು ಬೇಕು. ಒಂದು ಪದ ಮತ್ತು ಅದರ ರೂಪಗಳೆಲ್ಲ ಸೇರಿ ಒಂದು ಕುಟುಂಬ. ಅಲ್ಲೇ ಕೆಲಸ ಮಾಡುತ್ತಿದ್ದ ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ವಿಶ್ವವಿದ್ಯಾಲಯದ ಪಠ್ಯಗಳಲ್ಲಿ ಮತ್ತೆಮತ್ತೆ ಬರುವ 570 ಪದಕುಟುಂಬಗಳ ಪಟ್ಟಿ ಮಾಡಿದರು. ಅಸ್ಯೂಮ್, ಡಿರೈವ್, ಇಂಪ್ಲೈ, ಇಂಟರ್‌ಪ್ರೆಟ್, ವೇರ್‌ಆಸ್, ನೆವರ್‌ದಲೆಸ್ ಅದರಲ್ಲಿವೆ. ಇವು ಬೆರಗು ಹುಟ್ಟಿಸುವ ಪದಗಳಲ್ಲ. ಸಭೆಯಲ್ಲಿ ಹೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಒಂದು ವಿಚಾರ ಎಲ್ಲಿ ತಿರುಗಿತು, ಲೇಖಕ ಯಾವುದನ್ನು ಒಪ್ಪಿ ಯಾವುದನ್ನು ಬಿಟ್ಟ ಎಂಬುದೆಲ್ಲ ಇವುಗಳ ಮೇಲೆ ನಿಂತಿದೆ. ವಿಮರ್ಶೆ ಓದುವ ನನ್ನ ವಿದ್ಯಾರ್ಥಿಗಳು ಎಡವುವುದು ಇಲ್ಲಿ. ‘ಇಂಪ್ಲೈ’ ಎಂದರೆ ಹೇಳುವುದು ಎಂದುಕೊಂಡು, ಕವಿ ಹೇಳದೆ ಸೂಚಿಸಿದ್ದನ್ನು ಹೇಳಿಯೇ ಬಿಟ್ಟ ಎಂದು ಬರೆಯುತ್ತಾರೆ. ಅದಕ್ಕೆ ನಮ್ಮಲ್ಲಿ ‘ಧ್ವನಿಸು’ ಎಂಬ ಒಳ್ಳೆಯ ಪದವಿದೆ ಎಂದಾಗ ಮುಖ ಅರಳುತ್ತದೆ. ಇಂಥ ಪದಗಳು ಲೂಯಿಸ್ ಅವರ ಕಣ್ಣಿಗೆ ದೊಡ್ಡವಾಗಿ ಕಾಣಲಿಲ್ಲ. ಅವರ ಓದುಗರಿಗೆ ಅವು ಮೊದಲೇ ಗೊತ್ತಿದ್ದವು.

ಇಷ್ಟೆಲ್ಲ ಹೇಳಿದ ಮೇಲೂ ಪುಸ್ತಕವನ್ನು ಎಸೆಯಿರಿ ಎನ್ನಲಾರೆ. ಅಮೆರಿಕದ ಜಿಆರ್‌ಇ ಪರೀಕ್ಷೆ 2011ರಲ್ಲಿ ವಿರುದ್ಧಪದ, ಸಾದೃಶ್ಯಗಳ ಪ್ರಶ್ನೆಗಳನ್ನು ಕೈಬಿಟ್ಟು, ವಾಕ್ಯದೊಳಗೆ ಪದ ತುಂಬಿಸುವ ಪ್ರಶ್ನೆಗಳಿಗೆ ಹೊರಳಿತು. ನಮ್ಮ ಸರ್ಕಾರಿ ನೌಕರಿಯ ಪರೀಕ್ಷೆಗಳಲ್ಲಿ ಸಮಾನಾರ್ಥಕ, ವಿರುದ್ಧಪದ, ಒಂದು ಪದದಲ್ಲಿ ಉತ್ತರಿಸಿ ಎಂಬಂಥ ಪ್ರಶ್ನೆಗಳು ಇನ್ನೂ ಇವೆ. ಆ ನೌಕರಿಯಿಂದ ಒಂದು ಮನೆ ನಡೆಯಬೇಕಿರುವಾಗ ಪಟ್ಟಿ ಉರುಹೊಡೆಯಬೇಡ ಎಂದು ಉಪದೇಶ ಮಾಡುವ ಹಕ್ಕು ನನಗಿಲ್ಲ. ಪರೀಕ್ಷೆಗೆ ಬೇಕಾದ ಕಲಿಕೆ, ಓದಿಗೆ ಬರಹಕ್ಕೆ ಬೇಕಾದ ಕಲಿಕೆ ಎರಡೂ ಒಂದೇ ಎಂದು ನಂಬಬೇಡ ಎಂದಷ್ಟೇ ಹೇಳಬಲ್ಲೆ.

ಎರಡನೆಯ ಕಲಿಕೆಗೆ ದಾರಿ ನಮ್ಮ ನಿಘಂಟುಗಳಲ್ಲೇ ಇದೆ. 1894ರ ಕಿಟ್ಟೆಲ್ ಕೋಶ ತೆರೆದರೆ ಪದದ ಅರ್ಥದ ಪಕ್ಕದಲ್ಲಿ ಗಾದೆ, ಪ್ರಯೋಗಗಳು ಸಿಗುತ್ತವೆ. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟಿನಲ್ಲಿ ಶಾಸನ, ಕಾವ್ಯಗಳಿಂದ ಎತ್ತಿದ ಪ್ರಯೋಗಗಳಿವೆ. ಅರ್ಥ ಸಂಪಾದಕರು ಕೊಟ್ಟದ್ದು. ಪ್ರಯೋಗ ಭಾಷೆಯನ್ನು ಬಳಸಿದವರು ಕೊಟ್ಟದ್ದು. ಬೀಳ್ಕೊಡುಗೆಯ ಆ ದಿನದ ನಂತರ ನಾನೂ ನನ್ನ ನೋಟ್‌ಬುಕ್ಕನ್ನು ಹೀಗೇ ಬದಲಿಸಿದೆ. ಎಡಗಡೆ ಪದ, ಬಲಗಡೆ ಖಾಲಿ. ಓದುವಾಗ ಆ ಪದ ಎದುರಾದ ದಿನ, ಸಿಕ್ಕಿದ ವಾಕ್ಯವನ್ನು ಪೂರ್ತಿ ಬರೆಯುವುದು. ಮೂರು ಬೇರೆಬೇರೆ ಕಡೆ ಸಿಗುವವರೆಗೆ ಬಾಯಲ್ಲಾಗಲಿ ಬರಹದಲ್ಲಾಗಲಿ ಬಳಸಬಾರದು ಎಂದು ನನಗೆ ನಾನೇ ಕಟ್ಟಳೆ ಹಾಕಿಕೊಂಡೆ. ಕೆಲವು ಪದಗಳ ಮುಂದಿನ ಜಾಗ ತಿಂಗಳೊಪ್ಪತ್ತಿನಲ್ಲಿ ತುಂಬಿತು. ಎಷ್ಟೋ ಪದಗಳ ಮುಂದೆ ಇಂದಿಗೂ ಖಾಲಿ. ಆ ಖಾಲಿ ಜಾಗಗಳೂ ಪಾಠ ಹೇಳಿದವು: ಇಷ್ಟು ವರ್ಷದ ಓದಿನಲ್ಲಿ ಒಮ್ಮೆಯೂ ಸಿಗದ ಪದ ಗೊತ್ತಿಲ್ಲದಿದ್ದರೆ ಏನೂ ಮುಳುಗುವುದಿಲ್ಲ. ಇದರ ನಡುವೆ ಆರ್. ಕೆ. ನಾರಾಯಣ್ ಅವರನ್ನು ಓದಿದೆ. ಮೈಸೂರಿನಲ್ಲಿ ಕೂತು ಬರೆದ ಆ ಇಂಗ್ಲಿಷಿಗೆ ಲೂಯಿಸ್ ಅವರ ಪಟ್ಟಿಯ ಹಂಗು ಕಡಿಮೆ, ಕಿವಿಯ ಹಂಗು ಹೆಚ್ಚು.

ಈಗಲೂ ಯಾರಾದರೂ ವಿದ್ಯಾರ್ಥಿ ಶಬ್ದಸಂಪತ್ತು ಬೆಳೆಸಲು ಪುಸ್ತಕ ಕೇಳಿದರೆ ನನ್ನ ಹಳೆಯ ಲೂಯಿಸ್ ಪ್ರತಿಯನ್ನೇ ಕೊಡುತ್ತೇನೆ. ರಟ್ಟು ಕಿತ್ತಿದೆ, ಹೊಂದಿಸಿ ಬರೆದ ಪುಟಗಳಲ್ಲಿ ನನ್ನ ಪೆನ್ಸಿಲ್ ಗೆರೆಗಳಿವೆ. ಸುಳ್ಳುಗಾರರ ಅಧ್ಯಾಯದಿಂದ ಶುರುಮಾಡು, ಒಂಬತ್ತರಲ್ಲಿ ಯಾವುದಾದರೂ ಒಂದು ಪದವನ್ನು ಬೇರೆ ಪುಸ್ತಕದಲ್ಲಿ, ಸುಳ್ಳುಗಾರನಿಲ್ಲದ ವಾಕ್ಯದಲ್ಲಿ ಹುಡುಕಿಕೊಂಡು ಬಾ ಎನ್ನುತ್ತೇನೆ. ಹುಡುಕಲು ಹೋದವರಲ್ಲಿ ಕೆಲವರು ಆ ಬೇರೆ ಪುಸ್ತಕದಲ್ಲೇ ಉಳಿದುಬಿಡುತ್ತಾರೆ. ನನ್ನ ಪ್ರತಿಯನ್ನು ವಾಪಸು ಕೊಡುವುದನ್ನೂ ಮರೆಯುತ್ತಾರೆ. ಅವೆನ್ಯೂ ರಸ್ತೆಗೆ ಹೋಗಿ ಇನ್ನೊಂದು ತರುತ್ತೇನೆ.